ಐದನೆಯ ಪುಟದ ಯಶೋದ

ಯಶೋದ ಬರೆದುಕೊಟ್ಟ ಪುಟದಿಂದ ಒಂಬತ್ತು ವಾಕ್ಯಗಳನ್ನು ಅಳಿಸಿದವಳು ನಾನು. ಅಳಿಸಿ ಸುಮ್ಮನಾಗಲೂ ಇಲ್ಲ — ನನ್ನದೊಂದು ವಾಕ್ಯ ಸೇರಿಸಿದೆ, ಕೆಳಗೆ ಅವಳ ಹೆಸರು ಹಾಕಿದೆ, ನೂರೈವತ್ತು ಪ್ರತಿ ಮುದ್ರಿಸಿ ಮಡಚಿ ಪಿನ್ ಹೊಡೆದು ಊರಿಗೆಲ್ಲ ಹಂಚಿದೆ. ಹೀಗೆ ಮಾಡು ಎಂದು ಯಾರೂ ನನಗೆ ಹೇಳಿರಲಿಲ್ಲ. ನೆನೆದಾಗಲೆಲ್ಲ ನನ್ನ ಈ ಹತ್ತು ಬೆರಳುಗಳ ಮೇಲೆ ನನಗೇ ಹೇಸಿಗೆ ಹುಟ್ಟುತ್ತದೆ.

ಗಡಿನಾಡಿನಲ್ಲಿ, ಬದಿಯಡ್ಕದಿಂದ ಒಳಗೆ, ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರ್. ಈ ವರ್ಷ ನನ್ನ ನಿವೃತ್ತಿ. ಒಂಬತ್ತು ವರ್ಷಗಳ ಹಿಂದೆ ನಮ್ಮ ಹೆಡ್‌ಮಾಷ್ಟ್ರು ನಿವೃತ್ತರಾದಾಗ, ಹಳೆ ವಿದ್ಯಾರ್ಥಿಗಳಿಂದ ಬರೆಸಿ ಒಂದು ಸಣ್ಣ ಪುಸ್ತಿಕೆ ಮಾಡೋಣವೆಂದು ಹೊರಟವಳು ನಾನೇ. ಆಗ ಶಾಲೆಯಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಲು, ಪುಟ ಕೂರಿಸಲು ಬರುತ್ತಿದ್ದದ್ದು ನನಗೊಬ್ಬಳಿಗೆ. ಅದರ ಜಂಬ ಬೇರೆ!

ಮಾಷ್ಟ್ರ ಋಣ ನನ್ನ ಮೇಲಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಕ್ಕಳ ತಲೆಯೆಣಿಕೆ ಕಡಿಮೆಯಾದರೆ ನಮ್ಮಲ್ಲಿ ಡಿವಿಜನ್ ಬೀಳುತ್ತದೆ, ಅಂದರೆ ತರಗತಿಯ ಒಂದು ವಿಭಾಗವೇ ರದ್ದಾಗುತ್ತದೆ; ಡಿವಿಜನ್ ಬಿದ್ದರೆ ಟೀಚರ್ ಮನೆಗೆ. ಅಂಥ ವರ್ಷಗಳಲ್ಲಿ ಅವರು ಬೆಳ್ಳೂರು, ಪುತ್ತಿಗೆ ಕಡೆಯ ಮನೆಮನೆಗೆ ನಡೆದು, ಮಕ್ಕಳನ್ನು ಕೇಳಿ ಕರೆತಂದು ನನ್ನ ಕೆಲಸ ಉಳಿಸಿದರು. ಕನ್ನಡ ಶಾಲೆ ಉಳಿಸಿದ ಮನುಷ್ಯ ಎಂದು ಊರೆಲ್ಲ ಕೈಮುಗಿಯುತ್ತಿತ್ತು. ನಾನೂ ಮುಗಿದೆ.

ಯಶೋದ ನಮ್ಮ ಶಾಲೆಯಲ್ಲೇ ಕಲಿತವಳು. ನಾನು ಕೆಲಸಕ್ಕೆ ಸೇರುವ ಮೊದಲೇ ಕಲಿತು ಹೋಗಿದ್ದಳು. ಈಗ ಬದಿಯಡ್ಕದ ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮಾತಾಡಿಸಿದರೆ ಮುಖ ಸ್ವಲ್ಪ ತಿರುಗಿಸಿ ಬಲಗಿವಿ ಕೊಡುತ್ತಾಳೆ. ಮನೆಯಲ್ಲಿ ತುಳು, ಆದರೆ ಬರೆಯಲು ಅವಳಿಗೆ ಗೊತ್ತಿರುವುದು ಕನ್ನಡ. ಪುಸ್ತಿಕೆಗೆ ನೀನೂ ಒಂದು ಪುಟ ಬರೆ ಎಂದಾಗ ಅವಳು ನನ್ನನ್ನೇ ನೋಡಿ, “ನಿಜ ಬರೆದರೂ ಹಾಕ್ತೀರಾ ಟೀಚರೇ?” ಎಂದು ಕೇಳಿದ್ದಳು. “ಎಂತ ಹಾಗೆ ಕೇಳುವುದು ಮಾರಾಯ್ತಿ? ಹಾಕದೆ?” ಎಂದೆ.

ವಾರ ಕಳೆದು ಒಂದು ಹಾಳೆ ತಂದುಕೊಟ್ಟಳು. ಮಾಷ್ಟ್ರು ತನಗೆ ಓದು ಬರಹ ಕಲಿಸಿದರು ಎಂದು ಮೊದಲು ಬರೆದಿದ್ದಳು. ಆಮೇಲೆ — ನಾಲ್ಕನೇ ತರಗತಿಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ಅವರು ಕೆನ್ನೆಗೆ ಹೊಡೆದದ್ದು, ಎಡಗಿವಿಯಿಂದ ರಕ್ತ ಬಂದದ್ದು, ಅಂದಿನಿಂದ ಆ ಕಿವಿ ಕೇಳಿಸದೆ ಹೋದದ್ದು. ಅಮ್ಮ ಕೇಳಲು ಹೋದಾಗ ಮಾಷ್ಟ್ರು, ತಾನು ಮುಟ್ಟಲೇ ಇಲ್ಲ, ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದರಂತೆ. ಅಮ್ಮ ಮಾಷ್ಟ್ರನ್ನು ನಂಬಿದಳು. ಕೊನೆಯಲ್ಲಿ ಹೀಗಿತ್ತು: “ಮಾಷ್ಟ್ರೇ, ಹೊಡೆದದ್ದು ಹೌದು ಎಂದು ಒಮ್ಮೆ ನನ್ನ ಅಮ್ಮನ ಹತ್ತಿರ ಹೇಳಿ. ನನಗೆ ಬೇರೆ ಎಂತದೂ ಬೇಡ.”

ಓದಿದೆ. ಅದು ನಿಜವೆಂದು ಓದುವಾಗಲೇ ನನಗೆ ಗೊತ್ತಿತ್ತು — ಆ ಕೈ ಬೇರೆ ಮಕ್ಕಳ ಮೇಲೆ ಏಳುವುದನ್ನು ನಾನು ಕಂಡಿದ್ದೆ, ಕಂಡು ಪಾಠ ಮುಂದುವರಿಸಿದ್ದೆ.

ಅವಳ ಪುಟವನ್ನು ಪೂರ್ತಿ ಬಿಟ್ಟುಬಿಡಬಹುದಿತ್ತು. ಅದೂ ತಪ್ಪೇ, ಆದರೆ ಇಷ್ಟು ಕೊಳಕಲ್ಲ. ಆದರೆ ಇಂಥ ಪುಸ್ತಿಕೆಯ ಲೆಕ್ಕ ಬೇರೆ. ನಡುವೆ ಮಡಚಿದ ಒಂದು ಹಾಳೆಗೆ ನಾಲ್ಕು ಪುಟ, ನಾಲ್ಕು ಹಾಳೆಗೆ ಹದಿನಾರು. ಒಂದು ಬರಹ ತೆಗೆದರೆ ಒಂದು ಪುಟ ಖಾಲಿ ಬೀಳುತ್ತದೆ. ಐದನೆಯ ಪುಟದಲ್ಲಿ ಅವಳನ್ನು ಆಗಲೇ ಕೂರಿಸಿಯಾಗಿತ್ತು. ಖಾಲಿ ಪುಟ ಚಂದವಿಲ್ಲ ಎಂದುಕೊಂಡೆ. ಥೂ! ಒಬ್ಬಳ ಜನ್ಮದ ಮಾತು ಎದುರಿಗಿದೆ, ನನಗೆ ಪುಟದ ಚಂದ.

ಅಳಿಸಿದೆ. ಓದು ಬರಹ ಕಲಿಸಿದ್ದಷ್ಟನ್ನೇ ಉಳಿಸಿ, “ಇಂಥ ಗುರುಗಳು ಸಿಕ್ಕಿದ್ದು ನನ್ನ ಪುಣ್ಯ” ಎಂದು ನಾನೇ ಬರೆದೆ. ಜಾಗ ತುಂಬಲಿ ಎಂದು ಅಕ್ಷರ ದೊಡ್ಡದು ಮಾಡಿದೆ. ಮೇಲೊಂದು ಹೂವಿನ ಬಳ್ಳಿ ಇಟ್ಟೆ. ಶಾಲೆಯ ಮಾನ, ಕನ್ನಡದ ಮಾನ ಎಂದೆಲ್ಲ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕನ್ನಡವಂತೆ! ಅವಳು ಬರೆದದ್ದು ಯಾವ ಭಾಷೆಯಲ್ಲಿ?

ಸಮಾರಂಭಕ್ಕೆ ಯಶೋದ ಅಮ್ಮನನ್ನು ಕರೆದುಕೊಂಡು ಬಂದಳು. ಮುದುಕಿಗೆ ಓದು ಬಾರದು. ಆದರೆ ಮಗಳು ಬರೆದದ್ದು ಅಚ್ಚಾಗಿದೆ ಎಂಬ ಹಿಗ್ಗಿನಿಂದ ಎರಡನೇ ಸಾಲಿನಲ್ಲಿ ಕೂತಿದ್ದಳು. ಮೈಕಿನಲ್ಲಿ ಒಂದೊಂದೇ ಬರಹ ಓದುವ ಕೆಲಸವೂ ನನ್ನದೇ. ಐದನೆಯ ಪುಟ ಓದಿದೆ — ನಿಲ್ಲಿಸಲಿಲ್ಲ, ತೊದಲಲಿಲ್ಲ, ರಾಗವಾಗಿ ಓದಿದೆ. ಮಾಷ್ಟ್ರು ಕಣ್ಣೊರೆಸಿಕೊಂಡರು. ಯಶೋದಳ ಅಮ್ಮ ವೇದಿಕೆ ಹತ್ತಿ ಹೋಗಿ ಅವರ ಕಾಲು ಮುಟ್ಟಿದಳು. ಇಳಿದು ಬಂದು ಮಗಳಿಗೆ, ಅಷ್ಟು ವರ್ಷ ಆ ದೇವರಂಥವರ ಮೇಲೆ ಸುಳ್ಳು ಹೇಳಿದೆಯಲ್ಲ, ಈಗ ನೀನೇ ಬರೆದಿದ್ದೀ ನೋಡು ಎಂದಳು. ಜನ ಕೇಳುವ ಹಾಗೆಯೇ ಹೇಳಿದಳು.

ಊಟದ ಹೊತ್ತಿಗೆ ಯಶೋದ ನನ್ನ ಹತ್ತಿರ ಬಂದಳು. ಕೈಯಲ್ಲಿ ಪುಸ್ತಿಕೆ. “ಟೀಚರೇ, ಇದು ನಾನು ಬರೆದದ್ದಾ?”

“ಪುಟ ಸಾಲಲಿಲ್ಲ ಮಾರಾಯ್ತಿ. ಸ್ವಲ್ಪ ಸಣ್ಣ ಮಾಡಿದೆ.”

ಅಷ್ಟು ದೊಡ್ಡ ಅಕ್ಷರ ಮಾಡಿ ಪುಟ ತುಂಬಿಸಿದ ನಾನು ಅವಳ ಮುಖ ನೋಡಿಯೇ ಇದನ್ನು ಹೇಳಿದೆ. ಅವಳು ಆ ದೊಡ್ಡ ಅಕ್ಷರಗಳನ್ನು ಒಮ್ಮೆ ನೋಡಿದಳು. ಊಟ ಮಾಡದೆ ಅಮ್ಮನನ್ನು ಕರೆದುಕೊಂಡು ಬಸ್ಸಿಗೆ ಹೋದಳು. ನಾನು ಪಾಯಸ ಎರಡು ಸಲ ಹಾಕಿಸಿಕೊಂಡೆ. ಅದು ಕೂಡ ನೆನಪಿದೆ.

ಈಗ ನನ್ನ ಸರದಿ. ಮೊನ್ನೆ ನಮ್ಮ ಹೊಸ ಟೀಚರ್ ಶ್ರುತಿ ಬಂದು, “ಟೀಚರೇ, ಮಾಷ್ಟ್ರಿಗೆ ಮಾಡಿದ ಪುಸ್ತಿಕೆಯ ಫೈಲ್ ಉಂಟಾ? ನಿಮಗೂ ಹಾಗೆಯೇ ಮಾಡುವ. ಮಾಷ್ಟ್ರನ್ನೇ ಅತಿಥಿಯಾಗಿ ಕರೆದಿದ್ದೇವೆ” ಎಂದಳು. ಹುಡುಕಲು ಕಪಾಟು ತೆಗೆದೆ. ಫೈಲಿಗಿಂತ ಮೊದಲು ಸಿಕ್ಕಿದ್ದು ಒಂದು ಮಾದರಿ — ಯಾವ ಪುಟ ಯಾವ ಹಾಳೆಗೆ ಬರುತ್ತದೆಂದು ತಿಳಿಯಲು ನಾಲ್ಕು ರದ್ದಿ ಹಾಳೆ ಮಡಚಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದಿಟ್ಟದ್ದು. ಬಿಡಿಸಿ ನೋಡಿದೆ. ಮೂರನೆಯ ಹಾಳೆಯ ಒಂದು ಬದಿಯಲ್ಲಿ ಯಶೋದಳ ಕೈಬರಹ. ರದ್ದಿಯೆಂದು ನಾನು ಆರಿಸಿದ್ದು ಅದನ್ನು! ಹಿಂಬದಿಯಲ್ಲಿ ನನ್ನ ಪೆನ್ಸಿಲು: ಒಂದು ಅರ್ಧಕ್ಕೆ ಐದು, ಇನ್ನೊಂದು ಅರ್ಧಕ್ಕೆ ಹನ್ನೆರಡು. ಹನ್ನೆರಡರಲ್ಲಿ ಇದ್ದದ್ದು ಮಾಷ್ಟ್ರನ್ನು ಹೊಗಳಿದ ನನ್ನ ಬರಹ. ಕಪಾಟಿನ ಎದುರಿಗೇ ನೆಲದ ಮೇಲೆ ಕೂತು ಅವಳ ಬರಹವನ್ನು ಪೂರ್ತಿ ಓದಿದೆ.

ಮರುದಿನ ಹಾಳೆ ಹಿಡಿದು ಹೊಲಿಗೆ ಅಂಗಡಿಗೆ ಹೋದೆ. ಮಾಡಿದ್ದನ್ನೆಲ್ಲ ಹೇಳಿದೆ. ನನ್ನ ಪುಸ್ತಿಕೆಯಲ್ಲಿ ಇದನ್ನು ಇದ್ದ ಹಾಗೆಯೇ ಹಾಕುತ್ತೇನೆ, ನೀನು ಒಪ್ಪಿದರೆ ಮಾತ್ರ ಎಂದೆ.

ಯಶೋದ ಮಿಷನ್ ನಿಲ್ಲಿಸಲಿಲ್ಲ. ಹೊಲಿಗೆ ಮುಗಿಸಿ, ನೂಲು ಕತ್ತರಿಸಿದ ಮೇಲೆ ಕೇಳಿದಳು: “ಈಗ ಹಾಕಿ ಎಂತ ಟೀಚರೇ? ಅಮ್ಮ ಹೋಗಿ ಎರಡು ವರ್ಷ ಆಯ್ತು. ಸಾಯುವವರೆಗೂ ಅಮ್ಮನಿಗೆ ನಾನು ಸುಳ್ಳಿ.”

ಹಾಳೆಯನ್ನು ಮಿಷನ್ನಿನ ಮೇಲೆ, ಅವಳ ಎದುರಿಗೆ ಇಟ್ಟೆ.

ಅವಳು ಹಾಳೆ ತೆಗೆದುಕೊಂಡು ಮಡಿಕೆಯನ್ನು ಬೆರಳಿನಿಂದ ತೀಡಿ ಓದಿದಳು. “ಹಾಕುವುದಾದರೆ ಒಂದು ಅಕ್ಷರ ಮುಟ್ಟಬೇಡಿ. ಮಾಷ್ಟ್ರು ಬರ್ತಾರಲ್ಲ, ಮೊದಲನೆಯ ಪ್ರತಿ ಅವರ ಕೈಗೆ ಕೊಡಿ. ನಾನು ಹತ್ತಿರವೇ ಕೂತುಕೊಳ್ತೇನೆ. ಕೇಳುವ ಕಿವಿ ಅವರ ಕಡೆಗೆ ಇಟ್ಟು.”

ಶ್ರುತಿಗೆ ವಿಷಯ ಹೇಳಿದೆ. ನಿಮ್ಮ ಸನ್ಮಾನದ ದಿನ ಇದೆಲ್ಲ ಬೇಕಾ ಎಂದು ಕೇಳಿದಳು. ಬೇಕು ಎಂದೆ. ನನ್ನನ್ನು ಹೊಗಳುವ ಬರಹ ಒಂದೂ ಬೇಡ ಎಂದೆ. ಐದನೆಯ ಪುಟದಲ್ಲಿ ಯಶೋದ ಇದ್ದಾಳೆ, ಇದ್ದ ಹಾಗೆಯೇ. ನೀವು ಈಗ ಓದಿದ ನನ್ನ ಈ ಬರಹ ಅದೇ ಪುಸ್ತಿಕೆಯ ಹನ್ನೆರಡನೆಯ ಪುಟದಿಂದ ಶುರುವಾಗುತ್ತದೆ. ಮೊದಲನೆಯ ಪ್ರತಿಯನ್ನು ನಾನೇ ಮಡಚಿ ಪಿನ್ ಹೊಡೆಯುತ್ತೇನೆ. ಸಭೆಯ ದಿನ ಬೇಗ ಹೋಗಿ ಎದುರಿನ ಸಾಲಿನಲ್ಲಿ ಎರಡು ಕುರ್ಚಿ ಇಡಬೇಕು — ಮಾಷ್ಟ್ರದ್ದೊಂದು, ಅವರ ಎಡಗಡೆಗೆ ತಾಗಿಸಿ ಯಶೋದಳದ್ದು.