ಹಂಚಿನ ಕಾರ್ಖಾನೆಯ ಕಡೆ ಯಾರೂ ಹೋಗುವುದಿಲ್ಲವಂತೆ

ಊರು ಬಿಟ್ಟ ಗಂಡಸರಿಗೆ ಊರಿನ ಮೇಲೆ ಇರುವಷ್ಟು ಅಧಿಕಾರ ಊರಲ್ಲೇ ಇರುವವರಿಗೆ ಇಲ್ಲ. ಇದನ್ನು ನಾನು ಅಬುಧಾಬಿಯಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿರುವ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು ಕಲಿತೆ.

ನಮ್ಮ ಕರಾವಳಿಯ ಊರುಗಳಿಗೆಲ್ಲ ಗಲ್ಫಿನಲ್ಲಿ ಒಂದೊಂದು ಕಮಿಟಿ ಇರುತ್ತದೆ. ಊರಿನ ಮದ್ರಸ, ಆಂಬುಲೆನ್ಸ್, ಬೀದಿದೀಪ ಎಲ್ಲವೂ ಕಮಿಟಿಯ ಕೊಡುಗೆ. ಹಾಗಾಗಿ ಪಂಚಾಯತಿನವರು ಏನು ಮಾಡುವುದಿದ್ದರೂ ಮೊದಲು ‘ಗಲ್ಫಿನವರ ಅಭಿಪ್ರಾಯ’ ಕೇಳುತ್ತಾರೆ. ನಮ್ಮ ಕಮಿಟಿಗೆ ನನ್ನ ಗಂಡನ ಅಣ್ಣನೇ ಅಧ್ಯಕ್ಷರು. ಶುಕ್ರವಾರ ಜುಮಾ ನಮಾಜು ಮುಗಿಸಿ ಸಭೆ ನಮ್ಮ ಮನೆಯಲ್ಲಿ. ಬಿರಿಯಾನಿ ನನ್ನದು, ತೀರ್ಮಾನ ಅವರದು.

ಆ ಶುಕ್ರವಾರ ಮಾತು ಶುರುವಾದದ್ದು ಇಲ್ಲಿಯದೇ ಕೆಸಿನೊ ಬಗ್ಗೆ. ಇನ್ನೊಂದು ಎಮಿರೇಟಿನ ಕಡಲ ಬದಿಗೆ ಕಟ್ಟುತ್ತಿದ್ದಾರೆ ಎಂಬ ಸುದ್ದಿ. ಜೂಜು ಹರಾಮು ಎಂದು ಎಲ್ಲರೂ ತಲೆಯಾಡಿಸಿದರು. “ಇಲ್ಲಿ ನಮ್ಮನ್ನು ಯಾರು ಕೇಳ್ತಾರೆ ಮಾರಾಯ್ರೆ?” ಎಂದು ಭಾವ ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಕೇಳುವವರ ಫೋನ್ ಬಂತು. ಊರಿನ ಪಂಚಾಯತ್ ಉಪಾಧ್ಯಕ್ಷರು. ಊರಿಗೆ ರೆಸಾರ್ಟು ಬರುತ್ತದೆ, ಜೊತೆಗೊಂದು ಇಸ್ಪೀಟು ಕ್ಲಬ್ಬು, ಜನ ಅದನ್ನೂ ಕೆಸಿನೊ ಅಂತಲೇ ಕರೆಯುತ್ತಿದ್ದಾರೆ, ಜಾಗ ಎಲ್ಲಿ ಅಂತ ನೀವೇ ಹೇಳಿ ಎಂದರು. ಆಗಷ್ಟೇ ಹರಾಮು ಎಂದ ಬಾಯಿಗಳಲ್ಲಿ ಒಂದಾದರೂ ‘ಬೇಡ’ ಎನ್ನಲಿಲ್ಲ. ಮಸೀದಿಯಿಂದ ದೂರ ಇದ್ದರೆ ಸಾಕಂತೆ! ಭಾವ ಮೀನಾ ಮಾರ್ಕೆಟ್ಟಿನ ಅಂಜಲ್ ಮೀನಿನ ಮುಳ್ಳು ಬಿಡಿಸುತ್ತಾ, “ಆ ಮುಚ್ಚಿದ ಹಂಚಿನ ಕಾರ್ಖಾನೆ ಹತ್ರ ಹಾಕ್ಲಿ. ಅಲ್ಲಿ ಎಂತ ಉಂಟು? ಒಂದು ನರಪಿಳ್ಳೆ ಹೋಗುದಿಲ್ಲ” ಎಂದರು. ಎಲ್ಲರೂ ಹೂಂಗುಟ್ಟಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ನನ್ನ ಮೈಯೆಲ್ಲ ಉರಿಯಿತು. ಹೆದ್ದಾರಿ ಅಗಲವಾದ ಮೇಲೆ ಹಳೆಯ ದಾರಿ ಮುಚ್ಚಿಹೋಗಿದೆ. ಬಸ್ ಸ್ಟಾಪಿನಿಂದ ಊರೊಳಗೆ ಬರಲು ಈಗ ಇರುವುದು ಕಾರ್ಖಾನೆಯ ಬದಿಯ ರಸ್ತೆ ಮಾತ್ರ. ನನ್ನ ಅಕ್ಕನ ಮಗಳು ಕಾಲೇಜಿನಿಂದ ಅದೇ ದಾರಿಯಲ್ಲಿ ನಡೆದು ಬರುತ್ತಾಳೆ. ಅವಳನ್ನು ಕಾಲೇಜಿಗೆ ಕಳಿಸಲು ಅವಳಪ್ಪನನ್ನು ಒಪ್ಪಿಸುವಷ್ಟರಲ್ಲಿ ಅಕ್ಕ ಹಣ್ಣಾಗಿದ್ದಳು. ದಾರಿಗೆ ಅಡ್ಡ ಕುಡುಕರು, ಜೂಜುಕೋರರು ನಿಂತರೆ ಅವಳ ಓದು ಅಲ್ಲಿಗೆ ಖಲಾಸ್. ನಾವು ಹೆಂಗಸರು ದಿನಾ ಊರಿಗೆ ಫೋನ್ ಮಾಡುತ್ತೇವೆ, ಯಾರ ಬಾವಿ ಬತ್ತಿತು ಎಂಬುದೂ ನಮಗೆ ಗೊತ್ತು. ಇವರ ಊರು ಇವರು ವಿಮಾನ ಹತ್ತಿದ ದಿನವೇ ನಿಂತಿದೆ. ರಜೆಗೆ ಹೋದರೂ ಕಾರಿನಲ್ಲಿ ಮನೆಗೆ, ಮನೆಯಿಂದ ಮದುವೆ ಹಾಲಿಗೆ.

ಬಾಗಿಲಿಗೆ ಬಂದು ಹೇಳಿದೆ, “ಭಾವ, ಅದು ಹೆಣ್ಮಕ್ಕಳು ಕಾಲೇಜಿನಿಂದ ಬರುವ ದಾರಿ.”

“ನೀನು ಒಳಗೆ ಹೋಗು. ಬಿರಿಯಾನಿ ಇನ್ನು ಸ್ವಲ್ಪ ತಾ.”

ತರಲಿಲ್ಲ. ಊರಲ್ಲಿ ಅದು ಕಾಲೇಜು ಬಿಡುವ ಹೊತ್ತು. ಅಲ್ಲೇ ನಿಂತು ಅಕ್ಕನ ಮಗಳಿಗೆ ವಿಡಿಯೋ ಕಾಲ್ ಮಾಡಿದೆ. “ಎಂತ ಚಿಕ್ಕಮ್ಮ?” ಎಂದಳು, ನಡೆಯುತ್ತಲೇ.

“ಫೋನ್ ಆಚೆ ತಿರುಗಿಸು ಮಗಾ. ದಾರಿ ತೋರಿಸು.”

ಪರದೆಯನ್ನು ಭಾವನ ಬಟ್ಟಲಿನ ಮುಂದೆ ಹಿಡಿದೆ. ಅಂಗನವಾಡಿ, ಟೈಲರ್ ಅಂಗಡಿ, ಜೆರಾಕ್ಸ್ ಅಂಗಡಿ, ರಸ್ತೆ ತುಂಬ ಬ್ಯಾಗು ಹೊತ್ತ ಹುಡುಗಿಯರು. ಕಾರ್ಖಾನೆಯ ಚಿಮಣಿಯನ್ನು ಕೆಡವಿ ಎಷ್ಟೋ ಕಾಲವಾಗಿತ್ತು. ಭಾವ ಕನ್ನಡಕ ಏರಿಸಿ ನೋಡಿದರು.

“ಇದು ಯಾವ ಊರು?”

ಆ ಪ್ರಶ್ನೆ ಕೇಳಿದ ಮನುಷ್ಯ ನಾಚಿಕೆಯಿಂದ ಸುಮ್ಮನಾಗುತ್ತಾರೆ ಎಂದುಕೊಂಡೆ. ಎಲ್ಲಿಯ ನಾಚಿಕೆ! ತಮ್ಮ ಫೋನಿನಲ್ಲಿ ಇನ್ನೂ ಕಾಯುತ್ತಿದ್ದ ಉಪಾಧ್ಯಕ್ಷರಿಗೆ, “ಹಾಗಾದ್ರೆ ಅಲ್ಲಿ ಬೇಡ. ಹಳೇ ದೋಣಿ ಕಡವಿನ ಹತ್ರ ಹಾಕಿ. ಅಲ್ಲಿ ಹೇಗೂ ಯಾರೂ ಇಲ್ಲ” ಎಂದರು.

ನನ್ನ ಫೋನಿನಲ್ಲಿ ಅಕ್ಕನ ಮಗಳು ಇನ್ನೂ ನಡೆಯುತ್ತಲೇ ಇದ್ದಳು.

“ಕಟ್ ಮಾಡ್ಬೇಡ ಮಗಾ,” ಎಂದೆ. “ಮನೆಗೆ ಆಮೇಲೆ ಹೋಗು. ಈಗ ಕಡವಿನ ಕಡೆಗೆ ನಡಿ.”