ಗಂಜಿನೂಲು ಸುತ್ತಿದ ಚಕ್ರ

ಗುರುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ, ನಮ್ಮ ಕಾರಿನ ಎಡಗಡೆಯ ಮುಂಚಕ್ರ ಕುಣಿಯತೊಡಗಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ ಚಿಕ್ಕಪ್ಪ. ರಾಹುಕಾಲ ಕಳೆಯದೆ ಘಾಟಿ ಇಳಿಯುವುದಿಲ್ಲ ಎಂದು ಹಟ ಹಿಡಿದು, ಒಂದೂವರೆಯಿಂದಲೂ ನನ್ನ ಕೈಗಡಿಯಾರದ ಬೆನ್ನು ಬಿದ್ದಿದ್ದರು. "ಲೇ ಬಿಎ, ಮೂರಾಯ್ತೇನ್ಲಾ?" ಬಿಎ ಓದುತ್ತಿದ್ದ ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ. ಮೂರಾದ ಮೇಲೆಯೇ ಹೊರಟೆವು.

ಆಗ ಮೆಟ್ಟೂರಿನ ಅಣೆಕಟ್ಟು ಮುಗಿದು ಒಂದೆರಡು ವರ್ಷವಾಗಿತ್ತು. ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಯ್ಗೆಯ ಮನೆ. ಅಪ್ಪ ಹೋದ ಮೇಲೆ ನನ್ನನ್ನೂ ಅಕ್ಕನನ್ನೂ ಸಾಕಿದವರು ಚಿಕ್ಕಪ್ಪ. ಏರ್ಕಾಡಿನ ಕಾಫಿತೋಟದ ದೊರೆಯೊಬ್ಬ ಓಡಿಸಿ ಓಡಿಸಿ ಬಿಟ್ಟಿದ್ದ ಕಾರನ್ನು ಅವರು ಕೊಂಡದ್ದೇ ಅಕ್ಕನಿಗಾಗಿ. ಅವಳನ್ನು ಅದರಲ್ಲಿ ಕೂರಿಸಿಕೊಂಡು, ಹಾರನ್ ಒತ್ತುತ್ತಾ ಗಂಡನ ಮನೆಗೆ ಬಿಟ್ಟುಬರಬೇಕೆಂಬುದು ಅವರ ಒಂದೇ ಆಸೆ. ಬೀಗರದು ಘಾಟಿಯ ಮೇಲಿನ ನಲ್ಲಂಪಳ್ಳಿ, ಮದುವೆಯೂ ಅವರ ಮನೆಯಲ್ಲೇ, ಮುಂದಿನ ವಾರ. ಆ ಗುರುವಾರ ಅಮ್ಮ, ಚಿಕ್ಕಪ್ಪ, ನಾನು ಬೀಗರನ್ನು ಕಂಡು ಮಾತು ಮುಗಿಸಿ ಹಿಂದಿರುಗುತ್ತಿದ್ದೆವು.

ಮುಂಚಕ್ರ ಎಡಬಲಕ್ಕೆ ತಿರುಗುವುದು ಕಿಂಗ್‌ಪಿನ್ ಎಂಬ ಉಕ್ಕಿನ ಗೂಟದ ಸುತ್ತ. ಗೂಟ ಕೂರುವ ತೂತಿನೊಳಗೆ ಕೊಳವೆಯಂಥ ಕಂಚಿನ ಬುಷ್ಷು ಇರುತ್ತದೆ. ನಮ್ಮ ಕಾರಿನಲ್ಲಿ ಅದು ಸವೆದು, ಚಕ್ರ ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಮಗ್ಗದ ಕೀಲು ಸಡಿಲವಾದರೆ ನಮ್ಮ ಮನೆಯಲ್ಲಿ ಗಂಜಿಯಲ್ಲಿ ಅದ್ದಿದ ನೂಲನ್ನು ಸಂದಿಗೆ ಸುತ್ತಿ ಒಣಗಲು ಬಿಡುತ್ತಾರೆ. ಒಣಗಿದರೆ ಮರದಷ್ಟೇ ಗಟ್ಟಿ. ಚಿಕ್ಕಪ್ಪ ಕಾರಿಗೂ ಅದೇ ವೈದ್ಯ ಮಾಡಿದ್ದರು. ಪಿನ್ನನ್ನು ಹೊಡೆದು ತೆಗೆದು, ಗಂಜಿನೂಲು ಸುತ್ತಿ ಮತ್ತೆ ಇಳಿಸಿದ್ದರು. ನಲ್ಲಂಪಳ್ಳಿಯವರೆಗೆ ಚಕ್ರ ತುಟಿಪಿಟಿಕ್ಕೆನ್ನಲಿಲ್ಲ.

ಕೆಡಿಸಿದ್ದು ರಾಹುಕಾಲ. ಸುಮ್ಮನೆ ಕೂರುವುದೇಕೆ, ಸೇಲಂಗೆ ಹೊಳೆಯುತ್ತಾ ಹೋಗಲಿ ಎಂದು ಚಿಕ್ಕಪ್ಪ ಕಾರನ್ನು ದಾರಿಯ ಹಳ್ಳಕ್ಕಿಳಿಸಿ, ಎಮ್ಮೆ ತೊಳೆದ ಹಾಗೆ ತೊಳೆದರು. ಒಂದೂವರೆಯಿಂದ ಮೂರರವರೆಗೆ ಮುಂಚಕ್ರಗಳು ಅಚ್ಚಿನವರೆಗೂ ನೀರಿನಲ್ಲಿ ನೆನೆದವು. ನೀರು ಬಿದ್ದರೆ ಗಂಜಿ ಬಿಡುತ್ತದೆಂದು ನೇಕಾರರ ಮನೆಯ ಕೂಸಿಗೂ ಗೊತ್ತು. ನಮ್ಮ ಮೂವರಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಮೊದಲು ಸ್ಟೀರಿಂಗ್ ನಡುಗಿತು, ಆಮೇಲೆ ಚಿಕ್ಕಪ್ಪನ ಮೊಣಕೈ, ಭುಜ, ಕೊನೆಗೆ ಮೀಸೆ. ಕಾರು ಮಗ್ಗದ ಲಾಳಿಯ ಹಾಗೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓಡಿತು. ಎಡಕ್ಕೆ ಕಣಿವೆ. ಕಣಿವೆಯ ತಳದ ಹುಣಸೆಮರದ ನೆತ್ತಿ ನನಗೆ ಕಂಡಿತು. ಮರದ ನೆತ್ತಿಯನ್ನು ಮೇಲಿನಿಂದ ನೋಡಬಾರದು. ಈಗಲೂ, ಇದನ್ನು ಬರೆಯುವಾಗಲೂ, ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿದೆ. ರಸ್ತೆ ರಿಪೇರಿಗೆಂದು ಅಂಚಿನಲ್ಲಿ ಸುರಿದಿದ್ದ ಜಲ್ಲಿಗುಡ್ಡೆಗೆ ಮೂತಿ ಹುದುಗಿಸಿ ಕಾರು ನಿಂತಿತು. ಬೀಗರು ಕೊಟ್ಟ ಬದನೆಕಾಯಿ ಬುಟ್ಟಿ ಅಮ್ಮನ ಮಡಿಲಿನಿಂದ ಹಾರಿ, ಕಾಯಿಗಳು ಒಂದರ ಹಿಂದೊಂದು ಕಣಿವೆಗೆ ಉರುಳಿದವು. ಕೊನೆಯದು ಕಣ್ಮರೆಯಾಗುವವರೆಗೂ ಅಮ್ಮ ನೋಡಿದಳು.

"ನೋಡಪ್ಪಾ," ಎಂದಳು ಚಿಕ್ಕಪ್ಪನಿಗೆ, "ನನ್ ಮಗ್ಳು ಇದ್ರಾಗೆ ಓಗಾಕಿಲ್ಲ. ಎತ್ತಿನ ಗಾಡಿ ಐತೆ."

ಕೊನೆಗೆ ಕಾರಿಗೆ ಹಗ್ಗ ಕಟ್ಟಿ ನಮ್ಮನ್ನು ಸೇಲಂಗೆ ಎಳೆದುಕೊಂಡು ಹೋದದ್ದೂ ಎತ್ತುಗಳೇ. ಗಾಡಿಯವನು ದಾರಿಯುದ್ದಕ್ಕೂ ತಿರುಗಿ ತಿರುಗಿ, ನಡುವೆ ಒಂದಿಷ್ಟು ಹಾರನ್ನಾದರೂ ಒತ್ತಿ ಸಾಮಿ, ನನ್ನ ಎತ್ತುಗಳಿಗೂ ಕಾರು ಓಡಿಸಿದ ಹಾಗಿರಲಿ ಎಂದು ಗೋಗರೆಯುತ್ತಿದ್ದ.

ಅಂದಿನಿಂದ ಮೂವರಿಗೂ ನಿದ್ದೆ ಹಾರಿತು. ಕಣ್ಣು ಮುಚ್ಚಿದರೆ ನನ್ನ ಚಾಪೆ ಅದುರುತ್ತಿತ್ತು. ಅಮ್ಮ ನಿದ್ದೆಗಣ್ಣಿನಲ್ಲಿ ಬದನೆಕಾಯಿ ಹಿಡಿಯಲು ಕೈ ಚಾಚುತ್ತಿದ್ದಳು. ಚಿಕ್ಕಪ್ಪ ಮಲಗುವ ಗೋಜಿಗೇ ಹೋಗುತ್ತಿರಲಿಲ್ಲ.

ಪೇಟೆಯ ಲೇತ್ ಶೆಡ್ಡಿನಲ್ಲಿ ಪಿನ್ನು ಹೊರಗೆ ಬಂತು. ಅದರ ಸುತ್ತ ಬಿಳಿಚಿದ ನೂಲಿನ ಮುದ್ದೆ. ಲೇತಿನವನು ಅದನ್ನು ಮೂಸಿ ನೋಡಿ ತಮಿಳಿನಲ್ಲಿ, "ಇದು ಬುಷ್ಷಾ, ಇಡಿಯಾಪ್ಪಮಾ?" ಎಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನೂ ನಕ್ಕೆ. ಚಿಕ್ಕಪ್ಪ ಮಾತ್ರ ಆ ಶಾವಿಗೆಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಶೆಡ್ಡಿನವರು ಎಡಕ್ಕೂ ಬಲಕ್ಕೂ ಹೊಸ ಕಂಚಿನ ಬುಷ್ಷು ಕಡೆದರು, ಹೊಸ ಪಿನ್ನು ಇಳಿಸಿ ಗ್ರೀಸು ತುಂಬಿದರು.

ಕಾರು ಮನೆಗೆ ಬಂದ ಮೇಲೆ ಪರೀಕ್ಷೆ ಅಮ್ಮನದು. ಮುಂಭಾಗವನ್ನು ಜಾಕಿಯಲ್ಲಿ ಎತ್ತಿಸಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು, ಮಗ್ಗದ ಕಂಬ ಅಲುಗಿಸಿ ನೋಡುವ ಹಾಗೆ ಅಲುಗಿಸಿದಳು. ಚಕ್ರ ಮಿಸುಕಲಿಲ್ಲ. ಆದರೂ ಸಮಾಧಾನವಿಲ್ಲ. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ಹೋಗಿ ಹಿಡಿಯುವಳು. ಚಿಕ್ಕಪ್ಪ ಬಾಗಿಲ ಹಿಂದೆ ನಿಂತು ಅವಳ ಮುಖ ನೋಡುವರು. ಹೊರಡುವ ಹಿಂದಿನ ಸಂಜೆ ಅವಳು ಗ್ರೀಸಿನ ಕೈಯಲ್ಲೇ ಒಳಗೆ ಬಂದು, "ನಾ ಮುಂದೆ ಕುಂತ್ಕಂತೀನಿ. ಅಳ್ಳಕ್ಕೆ ಮಾತ್ರ ಇಳಿಸ್ಬ್ಯಾಡ" ಎಂದಳು.

"ಅಳ್ಳದ ಕಡೆ ತಿರುಗೂ ನೋಡಾಕಿಲ್ಲ, ಅತ್ತಿಗೆ."

ಅಕ್ಕ ಸಿಂಗರಿಸಿಕೊಂಡು ಹಿಂದೆ ಕೂತಳು. ಘಾಟಿ ಹತ್ತುವಾಗ ಅಮ್ಮನ ಕೈ ಡ್ಯಾಶ್‌ಬೋರ್ಡು ಬಿಡಲಿಲ್ಲ. ಜಲ್ಲಿಗುಡ್ಡೆಯಲ್ಲಿ ನಮ್ಮ ಕಾರಿನ ಮೂತಿಯ ಗುಳಿ ಹಾಗೇ ಇತ್ತು. ಅದನ್ನು ದಾಟುವಾಗ ಚಿಕ್ಕಪ್ಪ ಉದ್ದಕ್ಕೆ ಹಾರನ್ ಒತ್ತಿದರು. ಸ್ಟೀರಿಂಗ್ ನಡುಗಲಿಲ್ಲ, ಮೀಸೆಯೂ ನಡುಗಲಿಲ್ಲ. ನಲ್ಲಂಪಳ್ಳಿಯ ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು.

ಧಾರೆ ಮುಗಿದ ಭಾನುವಾರ ರಾತ್ರಿ ಬೀಗರ ಜಗಲಿಯಲ್ಲಿ ಮಲಗಿದ ನಾವು ಮೂವರೂ ಒಮ್ಮೆಯೂ ಎಚ್ಚರಗೊಳ್ಳಲಿಲ್ಲ. ಸೋಮವಾರ ಬಿಸಿಲು ಕಾಲಿಗೆ ಬಡಿದಾಗ ಕಣ್ಣು ಬಿಟ್ಟೆ. ಚಿಕ್ಕಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅಮ್ಮ ಅಂಗೈಯನ್ನು ಕೆನ್ನೆಗಿಟ್ಟುಕೊಂಡು ಮಲಗಿದ್ದಳು, ಕೆನ್ನೆಯ ತುಂಬ ಗ್ರೀಸು.