ಇಬ್ಬರನ್ನು ಕರೆತರಲು ಹೋದ ಬ್ರೇಕಕ್ಕ

ನಮ್ಮಕ್ಕನ ಬಲಗಾಲು ಅವಳ ಮಾತು ಕೇಳುವುದಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಪಾಠ ಹೇಳಿದ ಫಲ ಅದು. ಅಲ್ಲಿನ ಕಾರುಗಳಲ್ಲಿ ಕಲಿಸುವವರ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗೋಡೆ, ಕಂಬ, ನಾಯಿ ಯಾವುದರ ಕಡೆಗೆ ಹೊರಟರೂ ಅಕ್ಕನ ಕಾಲು ತಾನಾಗಿ ಅದನ್ನು ಒತ್ತುತ್ತದೆ. ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಯಾರಾದರೂ ಬಿಸಿ ಚಹಾ ಹಿಡಿದು ಜೋರಾಗಿ ನಡೆದು ಬಂದರೂ ಧಡ್ ಎಂದು ನೆಲ ಒದೆಯುತ್ತಾಳೆ. ಕಲಿಯಲು ಬರುವವರು ಅವಳಿಗೆ ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

ಭಾವ ಹಳೆ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವವರು. ಕೆಲಸ ಮಾಡುವಾಗ ತುಟಿಗಳ ನಡುವೆ ಹತ್ತು ಹನ್ನೆರಡು ಸಣ್ಣ ಮೊಳೆ ಕಚ್ಚಿಕೊಂಡಿರುತ್ತಾರೆ. ಮೊಳೆ ಇರುವುದರಿಂದ ಮಾತು ಕಡಿಮೆಯೋ, ಮಾತು ತಪ್ಪಿಸಿಕೊಳ್ಳಲೆಂದೇ ಮೊಳೆಯೋ, ನಮಗೆ ಇವತ್ತಿಗೂ ತಿಳಿದಿಲ್ಲ. ಅವರ ಪಾಲಿನ ಮಾತನ್ನೂ ಅವರ ತಾಯಿಯೇ ಆಡುತ್ತಾರೆ. ಅಕ್ಕನ ಈ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಪಕ್ಕದ ಕೋಣೆಯಲ್ಲಿರುವವರನ್ನೂ ದೂರದೂರಿನವರೆಂದೇ ತಿಳಿದು ಕೂಗಿ ಮಾತಾಡುತ್ತಾರೆ.

ಮೂವರೇ ಇದ್ದ ಆ ಮನೆಗೆ ಮಕ್ಕಳ ಯೋಚನೆ ತಂದವಳು ಅಕ್ಕನ ಒಬ್ಬ ವಿದ್ಯಾರ್ಥಿನಿ. ದತ್ತು ಕೊಡಿಸುವ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ಡುಮ್ಕಿ ಹೊಡೆದಾಕೆ. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹೇಳಿದಳಂತೆ: "ಎಲ್ಲರಿಗೂ ಕೂಸೇ ಬೇಕು ಅಕ್ಕ. ಎಂಟು ದಾಟಿದ ಮಕ್ಕಳನ್ನ ಕೇಳೋರೇ ಇಲ್ಲ. ಅದರಲ್ಲೂ ಒಡಹುಟ್ಟಿದವರು ಜೊತೇಲಿದ್ರೆ ಮುಗಿದೇ ಹೋಯ್ತು."

ಅಕ್ಕನಿಗೆ ಆಗ ನಲವತ್ತೊಂದು. ಮಕ್ಕಳಾಗಿರಲಿಲ್ಲ, ಅದಕ್ಕಾಗಿ ಅತ್ತು ಕರೆದು ಮಾಡಿದವಳೂ ಅಲ್ಲ. ಆ ಸಂಜೆ ನನ್ನ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಗೆ ಬಂದು ಸ್ಟೂಲ್ ಎಳೆದು ಕೂತಳು.

"ಕೂಸು ಸಾಕೋದು ನಂಗೆ ಬರಲ್ಲ ಕಣೇ. ಎತ್ಕೊಳ್ಳೋಕೇ ಭಯ. ಆದ್ರೆ ಪಕ್ಕದಲ್ಲಿ ಕೂತು, ಹೇಳಿದ್ದಕ್ಕೆಲ್ಲ ಉಲ್ಟಾ ಮಾಡೋರಿಗೆ ಕಲಿಸೋದು ಚೆನ್ನಾಗಿ ಬರುತ್ತೆ."

"ಭಾವ ಏನಂತಾರೆ?"

"ಬಾಯಿಂದ ಮೊಳೆ ತೆಗೆದ್ರು."

ಹಾಗಾದರೆ ವಿಷಯ ಗಂಭೀರವೇ ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ಕಾಗದದ ಕಾಟ. ಸಂಸ್ಥೆಯವರ ಪಟ್ಟಿಯಲ್ಲಿ ದೊಡ್ಡ ಮಕ್ಕಳು ಹೆಚ್ಚಾಗಿದ್ದದ್ದು ವಿಮಾನದಲ್ಲಿ ಒಂಬತ್ತು ಗಂಟೆ ದೂರದ ಇನ್ನೊಂದು ದೇಶದಲ್ಲಿ. ಎರಡು ಸರ್ಕಾರಗಳಿಗೂ ಒಂದರ ಮೇಲೊಂದಕ್ಕೆ ನಂಬಿಕೆಯಿಲ್ಲ. ಹಾಗಾಗಿ ಒಂದೊಂದು ಪತ್ರಕ್ಕೂ ಇಲ್ಲೊಂದು ಮೊಹರು, ಅಲ್ಲೊಂದು ಮೊಹರು. ಡಾಕ್ಟರ ಪತ್ರ, ಪೊಲೀಸರ ಪತ್ರ, ಮನೆಯ ಒಂದೊಂದು ಕೋಣೆಯದೂ ನಾಲ್ಕು ಮೂಲೆಯಿಂದ ಫೋಟೋ. ಇವರು ಒಳ್ಳೆಯವರು ಎಂದು ಮೂವರು ನೆರೆಯವರು ಬರೆದುಕೊಡಬೇಕಿತ್ತು. ಅದರಲ್ಲಿ ಒಬ್ಬರು ಅತ್ತೆಯ ದನಿಯ ಬಗ್ಗೆ ಎರಡು ಸಾಲು ಹೆಚ್ಚಿಗೆ ಸೇರಿಸಿದ್ದರು. ನಾನು ಟೈಪ್ ಮಾಡುವಾಗ ಅದು ಹೇಗೋ ಬಿಟ್ಟುಹೋಯಿತು.

ಮನೆ ನೋಡಲು ಆಫೀಸರಮ್ಮ ಬಂದರು. ಔಷಧಿ ಬೀರು ತೆಗೆದರು, ಕಿಟಕಿಯ ಚಿಲಕಗಳನ್ನು ಎಳೆದು ನೋಡಿದರು, ಕೊನೆಗೆ ಭಾವನ ಎದುರು ಕೂತರು.

"ಮಗು ಸುಳ್ಳು ಹೇಳಿದ್ರೆ ಏನ್ ಮಾಡ್ತೀರಿ?"

ಭಾವ ಎಷ್ಟು ಹೊತ್ತು ಯೋಚಿಸಿದರೆಂದರೆ ಚಹಾ ಆರಿಹೋಯಿತು. "ಯಾಕೆ ಹೇಳ್ತು ಅಂತ ನೋಡ್ತೀನಿ" ಎಂದರು. ಆಫೀಸರಮ್ಮ ಆ ಒಂದು ಮಾತಿಗೆ ಅರ್ಧ ಪುಟ ಬರೆದುಕೊಂಡರು. ಅತ್ತೆ ಒಳಗಿನಿಂದ ಕೂಗಿದರು: "ನಿಮಗೆಷ್ಟು ಮಕ್ಕಳಮ್ಮ? ಅವು ಸುಳ್ಳು ಹೇಳ್ತವಾ?" ಆಫೀಸರಮ್ಮ ಪುಸ್ತಕ ಮುಚ್ಚಿ, ಎರಡನೇ ಲೋಟ ಚಹಾ ಕುಡಿದು, ತಮ್ಮ ಮಗನ ಮೇಲಿನ ದೂರನ್ನೆಲ್ಲ ಹೇಳಿಕೊಂಡು ಹೋದರು.

ಎರಡು ವರ್ಷ ಕಳೆದ ಮೇಲೆ ಒಂದು ಕಡತ ಬಂತು. ಹನ್ನೊಂದು ವರ್ಷದ ಹುಡುಗ, ಒಂಬತ್ತು ವರ್ಷದ ಅವನ ತಂಗಿ. ತಾಯಿ ಇಲ್ಲ, ಬೇರೆ ಯಾರೂ ಇಲ್ಲ, ಐದು ವರ್ಷದಿಂದ ಅನಾಥಾಲಯ. ಶನಿವಾರ ಬೆಳಿಗ್ಗೆ ವಿಡಿಯೋದಲ್ಲಿ ಮಾತುಕತೆ ಶುರುವಾಯಿತು. ನಡುವೆ ಒಬ್ಬ ದುಭಾಷಿ, ಯಾವಾಗಲೂ ನೆಗಡಿ. ಪರದೇಶ ಎಂದು ಅತ್ತೆ ತಮ್ಮ ಕಂಠವನ್ನೆಲ್ಲ ಬಿಚ್ಚಿ "ಊಟ ಆಯ್ತಾ?" ಎಂದು ಕೂಗಿದರೆ ಆ ಕಡೆ ಮಕ್ಕಳು ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದವು.

ನಾಲ್ಕನೇ ಶನಿವಾರ ಅಕ್ಕ ನನ್ನ ಅಂಗಡಿಗೆ ಬಂದಳು. "ಆ ಮಕ್ಕಳು ಏನ್ ಕೇಳಿದ್ರೂ ಮೊದಲು ಎಡಗಡೆ ನೋಡ್ತಾರೆ. ಆಮೇಲೆ ಉತ್ತರ. ಪ್ರತಿ ಸಲ. ಕಾರು ತಿರುಗಿಸೋಕೆ ಮುಂಚೆ ಕನ್ನಡಿ ನೋಡ್ತಾರಲ್ಲ, ಹಂಗೆ. ಅಲ್ಲಿ ಯಾರೋ ಕೂತಿದ್ದಾರೆ ಕಣೇ."

"ಆಯಾ ಇರಬೇಕು ಬಿಡು."

"ಆಯಾನ ಯಾವ ಮಗು ಅಷ್ಟು ನಂಬುತ್ತೆ?"

ಆ ಪ್ರಶ್ನೆ ಹೊತ್ತುಕೊಂಡೇ ಇಬ್ಬರೂ ವಿಮಾನ ಹತ್ತಿದರು. ಅತ್ತೆ ಮನೆ ಕಾಯಲು ಉಳಿದರು. ಮುಂದಿನದಕ್ಕೆ ನಾನು ಸಾಕ್ಷಿಯಲ್ಲ. ಅಕ್ಕ ಹೇಳಿದ್ದರಲ್ಲಿ ಅರ್ಧ ಕಳೆದು, ಭಾವ ಹೇಳಿದ್ದಕ್ಕೆ ಎರಡರಷ್ಟು ಸೇರಿಸಿ ಹೇಳುತ್ತಿದ್ದೇನೆ.

ಅನಾಥಾಲಯದಲ್ಲಿ ಭೇಟಿಗೆಂದು ಒಂದು ಕೋಣೆ. ಗೋಡೆಗೆ ತಿಳಿ ಹಸಿರು ಬಣ್ಣ, ಒಂದು ಹೀಟರ್, ಒಂದು ಸೋಫಾ. ಭಾವ ಕೂತ ಕೂಡಲೇ ಎದ್ದುಬಿಟ್ಟರು, ಸ್ಪ್ರಿಂಗು ಚುಚ್ಚಿತ್ತು. ಮಕ್ಕಳು ಬರುವಷ್ಟರಲ್ಲಿ ಸೋಫಾ ತಲೆಕೆಳಗಾಗಿತ್ತು, ಭಾವ ನೆಲದ ಮೇಲೆ ಮಂಡಿಯೂರಿದ್ದರು. ಹುಡುಗನಿಗೆ ಇಷ್ಟು ಸಾಕಾಯಿತು, ಅವನೂ ಪಕ್ಕದಲ್ಲಿ ಮಂಡಿಯೂರಿದ. ಚಿಕ್ಕವಳು ಅಕ್ಕನ ಕೈಚೀಲದಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೊರಗೆ ತೆಗೆದಳು. ಆಗ ಇನ್ನೊಬ್ಬ ಹುಡುಗಿ ಚಹಾ ತಂದಳು. ಹದಿನೈದರ ಪ್ರಾಯ, ತೆಳ್ಳಗೆ, ನೆಟ್ಟಗೆ. ಚಹಾ ಇಟ್ಟವಳು ಸುಮ್ಮನೆ ಹೋಗದೆ, ಹುಡುಗನ ಬಿಚ್ಚಿದ ಶೂ ಲೇಸು ಕಟ್ಟಿದಳು. ಚಿಕ್ಕವಳ ಕೈಯಿಂದ ಕೈಚೀಲ ಕಿತ್ತು, ಒಂದು ಗದರಿಕೆ ಹಾಕಿ, ಎಲ್ಲವನ್ನೂ ಒಳಗಿಟ್ಟು ಅಕ್ಕನಿಗೆ ಕೊಟ್ಟಳು. ಆಮೇಲೆ ಭಾವನ ಕೈ ಮುಂದಕ್ಕೆ ಚಾಚಿದಾಗೆಲ್ಲ ಸೋಫಾದಿಂದ ಕಿತ್ತಿಟ್ಟ ಮೊಳೆಗಳಲ್ಲಿ ಸರಿಯಾದುದನ್ನೇ ಎತ್ತಿ ಕೊಡತೊಡಗಿದಳು.

"ಇವಳು ಯಾರು?" ಅಕ್ಕ ದುಭಾಷಿಯನ್ನು ಕೇಳಿದಳು.

ದುಭಾಷಿ ಕೇಳಿದ. ಹುಡುಗಿ ಚುಟುಕಾಗಿ ಏನೋ ಅಂದಳು. "ಇಲ್ಲಿ ಕೆಲಸಕ್ಕೆ ಸಹಾಯ ಮಾಡ್ತಾಳಂತೆ" ಎಂದ.

ಅಷ್ಟರಲ್ಲಿ ಚಿಕ್ಕವಳು ಪಟಪಟನೆ ಏನೋ ಹೇಳಿಬಿಟ್ಟಳು. ದೊಡ್ಡವಳು ತಿರುಗಿ ರೇಗಿದಳು. ಹುಡುಗ ನಡುವೆ ಬಾಯಿ ಹಾಕಿದ. ಮೂವರೂ ಒಟ್ಟಿಗೆ ಕಿರುಚತೊಡಗಿದಾಗ ದುಭಾಷಿ ಯಾರದನ್ನು ಹಿಡಿಯುವುದೆಂದು ತಿಳಿಯದೆ ಮೂಗೊರೆಸಿಕೊಂಡ.

"ನೀವು ಸುಮ್ನಿರಿ," ಎಂದಳು ಅಕ್ಕ. "ಇದು ಅಕ್ಕತಂಗಿ ಜಗಳ. ನಾನು ನಲವತ್ತು ವರ್ಷದಿಂದ ಆಡ್ತಾ ಇದೀನಿ, ನಂಗೆ ಅರ್ಥ ಆಗುತ್ತೆ."

ಅರ್ಥವಾದದ್ದು ಸರಿಯೇ ಇತ್ತು. ಅನಾಥಾಲಯದ ಮುಖ್ಯಸ್ಥೆ ಬಂದು ಎಲ್ಲ ಹೇಳಿದರು. ಮೂವರೂ ಒಬ್ಬ ತಾಯಿಯ ಮಕ್ಕಳೇ. ಮೂರು ಮಕ್ಕಳು ಎಂದ ಕೂಡಲೇ ನಾಲ್ಕು ಕುಟುಂಬ ಹಿಂದೆ ಸರಿದಿದ್ದವು. ಐದನೇ ಸಲಕ್ಕೆ ದೊಡ್ಡವಳು ತಾನೇ ಆಫೀಸಿಗೆ ಹೋಗಿ, "ನನ್ನ ಹೆಸರು ತೆಗೆದುಹಾಕಿ, ನಾನು ಹೋಗುವುದಿಲ್ಲ" ಎಂದು ಬರೆದುಕೊಟ್ಟಿದ್ದಳು. ಹತ್ತು ದಾಟಿದ ಮಗುವಿನ ಒಪ್ಪಿಗೆ ಇಲ್ಲದೆ ದತ್ತು ಇಲ್ಲ ಎಂಬ ಕಾನೂನನ್ನು ಅವಳು ಹೀಗೆ ತಿರುಗಿಸಿ ಹಾಕಿದ್ದಳು. ವಿಡಿಯೋ ಮಾತುಕತೆಯಲ್ಲಿ ಎಡಗಡೆ ಕೂತು, ಎಲ್ಲಿ ನಗಬೇಕು, ಯಾವುದಕ್ಕೆ ಹೂಂ ಅನ್ನಬೇಕು ಎಂದು ಕಣ್ಣಲ್ಲೇ ಹೇಳಿಕೊಡುತ್ತಿದ್ದವಳೂ ಅವಳೇ.

ಅಕ್ಕ, ಭಾವ ಹೊರಗೆ ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಅಕ್ಕ ಬಾಯಿಬಿಡುವ ಮೊದಲೇ ಭಾವ ಅಂದರಂತೆ: "ಇಬ್ಬರಿಗೆ ಅಂತ ಬಟ್ಟೆ ಕತ್ತರಿಸಿದೀವಿ, ನಿಜ. ಹಂಗಂತ ಮೂರನೆಯವರನ್ನ ನೆಲದ ಮೇಲೆ ಕೂರಿಸ್ತಾರಾ?"

ಆದರೆ ಮೂರನೆಯವಳು ಬರಲು ಒಪ್ಪಬೇಕಲ್ಲ! ನೀವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಹುಡುಗಿ ಅವಳು. ರಿಪೇರಿಯಾದ ಸೋಫಾದ ತುದಿಯಲ್ಲಿ ಕೂತು, ಕೈಕಟ್ಟಿ ಅಕ್ಕನನ್ನು ಕೇಳಿದಳು:

"ಅಲ್ಲಿ ನನಗೆ ಏನು ಕೆಲಸ?"

"ಏನೂ ಇಲ್ಲ. ಓದು. ನಿದ್ದೆ ಮಾಡು. ಬೇಜಾರಾದ್ರೆ ನನ್ನ ಜೊತೆ ಜಗಳ ಆಡು."

"ತಂಗಿಗೆ ತಲೆ ಬಾಚೋದು ಯಾರು?"

"ನೀನೇ. ನಂಗೆ ಜಡೆ ಹೆಣೆಯೋಕೆ ಬರಲ್ಲ."

"ಇವರಿಬ್ಬರು ಸಾಕಾಗಿ ಹೋದ್ರೆ ವಾಪಸ್ ಕಳಿಸ್ತೀರಾ?"

ದುಭಾಷಿ ಈ ಪ್ರಶ್ನೆಯನ್ನು ನಮ್ಮ ಭಾಷೆಗೆ ತರುವಾಗ ಅಕ್ಕನ ಮುಖ ನೋಡಲಿಲ್ಲವಂತೆ. ಅಕ್ಕ ಹೇಳಿದಳು: "ನನ್ನ ಹತ್ರ ಡ್ರೈವಿಂಗ್ ಕಲಿಯೋರೊಬ್ಬರು ನಾಲ್ಕು ಸಲ ಫೇಲಾಗಿದ್ದಾರೆ. ನಾನಿನ್ನೂ ಅವರನ್ನ ಬಿಟ್ಟಿಲ್ಲ."

ಹುಡುಗಿ ನಗಲಿಲ್ಲ. ಯೋಚನೆ ಮಾಡುತ್ತೇನೆ ಎಂದಳು. ಮೂರನೇ ದಿನ ಮುಖ್ಯಸ್ಥೆಯ ಆಫೀಸಿಗೆ ಹೋಗಿ, ತಾನು ಬರೆದುಕೊಟ್ಟಿದ್ದ ಪತ್ರವನ್ನು ವಾಪಸ್ ಕೇಳಿದಳು.

ಅವತ್ತೇ ನನಗೆ ಅಕ್ಕನ ಫೋನು ಬಂತು. "ಅಂಗಡಿ ತೆಗೆದಿದೀಯಾ? ಎಲ್ಲಾ ಪತ್ರದಲ್ಲೂ ಇಬ್ಬರು ಅಂತ ಇರೋದನ್ನ ಮೂವರು ಮಾಡು."

ಕಡತ ತೆಗೆದು ಎಣಿಸಿದೆ. ಮುನ್ನೂರು ಪುಟ! ಆ ದೇಶದಲ್ಲಿ ಹದಿನಾರು ತುಂಬಿದವರನ್ನು ದತ್ತು ಕೊಡುವಂತಿಲ್ಲ; ದೊಡ್ಡವಳಿಗೆ ಆಗಲೇ ಹದಿನೈದು ತುಂಬಿ ಒಂದು ತಿಂಗಳು. ಅಕ್ಕ, ಭಾವ ಬರಿಗೈಯಲ್ಲಿ ವಾಪಸ್ ಬಂದು ಮತ್ತೆ ಸಾಲಿನಲ್ಲಿ ನಿಂತರು. ಆಫೀಸರಮ್ಮ ಮತ್ತೆ ಬಂದು ಮೂರನೇ ಮಗು ಮಲಗುವುದೆಲ್ಲಿ ಎಂದರು. ಅತ್ತೆ ತಮ್ಮ ಕೋಣೆಯ ಬಾಗಿಲು ತೆರೆದು ತೋರಿಸಿದರು: "ಇಲ್ಲಿ. ನಾನು ಹಾಲ್‌ನಲ್ಲಿರ್ತೀನಿ. ಮೂವತ್ತು ವರ್ಷ ಕುರ್ಚಿ ಮೇಲೆ ಕೂತೇ ನಿದ್ದೆ ಹೊಡೆದವಳು ನಾನು." ವಯಸ್ಸಾದವರನ್ನು ಎಬ್ಬಿಸಿ ಮಗುವಿಗೆ ಜಾಗ ಮಾಡುವಂತಿಲ್ಲ ಎಂದು ಆಫೀಸರಮ್ಮ ನಿಯಮ ಓದಿದರು. ಅತ್ತೆ ಕೆರಳಿ ಅವರಿಗೆ ಚಹಾ ಕೊಡಲಿಲ್ಲ. ಕೊನೆಗೆ ಭಾವ ಹಾಲ್‌ನ ಕಾಲುಭಾಗಕ್ಕೆ ಹಲಗೆಯ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಒಳಗಡೆ ಮೆತ್ತನೆಯ ಬಟ್ಟೆ ಹೊದಿಸಿ ಕೋಣೆ ಮಾಡಿದರು. ಗೋಡೆಗೆ ಬಟ್ಟೆ ಯಾಕೆ ಭಾವ ಎಂದರೆ, "ಅಮ್ಮನ ದನಿಗೆ" ಎಂದರು.

ದೊಡ್ಡವಳಿಗೆ ಹದಿನಾರು ತುಂಬಲು ಹತ್ತೊಂಬತ್ತು ದಿನ ಇರುವಾಗ ಅಲ್ಲಿನ ಕೋರ್ಟಿನಲ್ಲಿ ಅವರ ಸರದಿ ಬಂತು. ಜಡ್ಜಮ್ಮ ಹುಡುಗಿಯನ್ನು ನಿಲ್ಲಿಸಿ, ನಿನಗೆ ಒಪ್ಪಿಗೆಯೇ ಎಂದು ಕೇಳಿದರು. ಹುಡುಗಿ ಬಾಯಿ ತೆರೆದು, ಮತ್ತೆ ಮುಚ್ಚಿದಳು. ಆ ಗಳಿಗೆಯಲ್ಲಿ ಅಕ್ಕನ ಬಲಗಾಲು ಕೋರ್ಟಿನ ಮರದ ನೆಲವನ್ನು ಧಡ್ ಎಂದು ಒದೆಯಿತು. ಪೊಲೀಸಿನವನು ಎದ್ದು ನಿಂತ. ಜಡ್ಜಮ್ಮ ಏನದು ಎಂದರು. ದುಭಾಷಿ ಅರ್ಧಂಬರ್ಧ ವಿವರಿಸುವಷ್ಟರಲ್ಲಿ, ಶನಿವಾರಗಳ ವಿಡಿಯೋದಲ್ಲಿ ಈ ಸದ್ದು ಕೇಳಿ ಕೇಳಿ ಗೊತ್ತಿದ್ದ ಹುಡುಗ ಎದ್ದು, ಇವರು ಯಾವಾಗಲೂ ಹೀಗೇ, ನಮಗೆ ಏನೂ ಆಗಬಾರದು ಎಂದು ಬ್ರೇಕ್ ಹಾಕುತ್ತಾರೆ ಎಂದನಂತೆ. ದೊಡ್ಡವಳು ಮೊದಲ ಸಲ ನಕ್ಕಳು. ನಗುತ್ತಲೇ ಒಪ್ಪಿಗೆ ಎಂದಳು. ಕೋರ್ಟಿನ ಪುಸ್ತಕದಲ್ಲಿ ನಗು ದಾಖಲಾಗುವುದಿಲ್ಲ, ಒಪ್ಪಿಗೆ ಆಯಿತು.

ಮನೆಗೆ ಬಂದ ಮೇಲೆ ಎಲ್ಲ ಸುಸೂತ್ರ ಎಂದರೆ ಸುಳ್ಳಾದೀತು. ಹುಡುಗ ಒಂದು ವಾರದಲ್ಲಿ ಕಾಲಿಂಗ್ ಬೆಲ್ಲನ್ನೂ ಎರಡು ಗಡಿಯಾರವನ್ನೂ ಬಿಚ್ಚಿಟ್ಟ. ಚಿಕ್ಕವಳು ನಮ್ಮ ಭಾಷೆಯನ್ನು ಅತ್ತೆಯಿಂದ ಕಲಿತಳು, ದನಿಯ ಸಮೇತ. ಕಷ್ಟವಾಗಿದ್ದು ದೊಡ್ಡವಳದು. ಎಲ್ಲರೂ ಏಳುವ ಮೊದಲೇ ಎದ್ದು ನೆಲ ಒರೆಸಿರುತ್ತಿದ್ದಳು, ಪಾತ್ರೆ ತೊಳೆದಿರುತ್ತಿದ್ದಳು, ಕೇಳಿದ್ದಕ್ಕೆಲ್ಲ "ಸರಿ" ಎನ್ನುತ್ತಿದ್ದಳು. "ಹೋಟೆಲಲ್ಲಿ ಇದ್ದಂಗಿದೆ ಕಣೇ. ಬಾಡಿಗೆ ಕಟ್ಟೋ ಹಂಗೆ ಕೆಲಸ ಮಾಡ್ತಾಳೆ" ಎಂದು ಅಕ್ಕ ನನ್ನ ಹತ್ತಿರ ಅತ್ತಳು.

ನಾಲ್ಕನೇ ತಿಂಗಳು ಅಕ್ಕ ಒಂದು ತಪ್ಪು ಮಾಡಿದಳು. ಹೇನು ಕಾಟ ಎಂದು ಚಿಕ್ಕವಳನ್ನು ಪಾರ್ಲರಿಗೆ ಕರೆದುಕೊಂಡು ಹೋಗಿ, ಸೊಂಟದವರೆಗಿದ್ದ ಕೂದಲಿಗೆ ಭುಜದವರೆಗೆ ಕತ್ತರಿ ಹಾಕಿಸಿಬಿಟ್ಟಳು. ದೊಡ್ಡವಳು ಸ್ಕೂಲಿನಿಂದ ಬಂದು ನೋಡಿದಳು. "ನನ್ನ ಕೇಳ್ಬೇಕಿತ್ತು!" ಎಂದು ನಮ್ಮ ಭಾಷೆಯಲ್ಲೂ, ಉಳಿದದ್ದನ್ನು ತನ್ನ ಭಾಷೆಯಲ್ಲೂ ಕಿರುಚಿ, ತನ್ನ ಕೋಣೆಯ ಬಾಗಿಲನ್ನು ಹಲಗೆ ಗೋಡೆಯೇ ಅಲುಗುವಂತೆ ಬಡಿದಳು.

ಹತ್ತು ನಿಮಿಷದಲ್ಲಿ ಅಕ್ಕ ನನ್ನ ಅಂಗಡಿಯಲ್ಲಿದ್ದಳು, ಮುಖ ಅರಳಿಸಿಕೊಂಡು. "ಬಾಗಿಲು ಬಡಿದಳು ಕಣೇ!"

"ಅದಕ್ಕೆ ಸಿಹಿ ಹಂಚಬೇಕಾ?"

"ನಿಂಗೆ ಗೊತ್ತಾಗಲ್ಲ. ಬಾಡಿಗೆಗೆ ಇರೋರು ಬಾಗಿಲು ಬಡೀತಾರಾ?"

"ಅದೆಲ್ಲ ಇರಲಿ, ಮೊದಲು ಹೋಗಿ ತಪ್ಪಾಯ್ತು ಅನ್ನು" ಎಂದು ಅಟ್ಟಿದೆ, ನಾನೂ ಹಿಂದೆಯೇ ಹೋದೆ. ಅಕ್ಕ ಬಾಗಿಲು ತಟ್ಟಿದಳು. "ತಪ್ಪಾಯ್ತು. ಕೇಳ್ಬೇಕಿತ್ತು." ಇನ್ನೊಮ್ಮೆ ತಟ್ಟಿದಳು. ಆಮೇಲೆ ಒಳಗಿನಿಂದ ದನಿ: "ಹಿಂದುಗಡೆ ಸೊಟ್ಟ ಇದೆ."

ಸೊಟ್ಟ ಸರಿಮಾಡಲು ಚಿಕ್ಕವಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದರು. ದೊಡ್ಡವಳ ಕೈಯಲ್ಲಿ ಕತ್ತರಿ, ಅಕ್ಕನ ಕೈಯಲ್ಲಿ ಟವೆಲ್ಲು. ಎಡ ಸ್ವಲ್ಪ ಉದ್ದ, ಈಗ ಬಲ ಉದ್ದ ಎಂದು ಅತ್ತೆ ದೂರದಿಂದ ಕೂಗಿ ಹೇಳುತ್ತಾ ಹೇಳುತ್ತಾ ಕೂದಲು ಕಿವಿಯ ಹತ್ತಿರ ಬಂದು ನಿಂತಿತು. ಚಿಕ್ಕವಳು ಕನ್ನಡಿ ನೋಡಿಕೊಂಡು, ಮೂವರನ್ನೂ ಎರಡು ಭಾಷೆಯಲ್ಲಿ ಬೈದಳು.

ಇದೆಲ್ಲ ಆಗಿ ಮೂರು ವರ್ಷ. ಹುಡುಗ ಬಿಚ್ಚಿದ್ದರಲ್ಲಿ ಅರ್ಧದಷ್ಟನ್ನು ಈಗ ತಿರುಗಿ ಜೋಡಿಸುತ್ತಾನೆ. ಕಿರಿಯರಿಬ್ಬರೂ ಎರಡನೇ ತಿಂಗಳಿಗೇ ಅಕ್ಕನನ್ನು ಅಮ್ಮ ಎಂದಿದ್ದರು. ದೊಡ್ಡವಳು ದಿನಾ ಕಾಲೇಜು ಮುಗಿಸಿ ಭಾವನ ಅಂಗಡಿಗೆ ಹೋಗುತ್ತಾಳೆ, ಅವರ ಹಾಗೇ ಮೊಳೆ ಕಚ್ಚುತ್ತಾಳೆ. ಅವಳಿಗೆ ತನ್ನ ತಾಯಿಯ ಮುಖ ನೆನಪಿದೆ, ಅಮ್ಮ ಎಂಬ ಮಾತನ್ನು ಅಲ್ಲಿಗೇ ಮೀಸಲಿಟ್ಟಿದ್ದಾಳೆ. ಅಕ್ಕನೂ ಅದನ್ನು ಕೇಳಲು ಹೋಗಿಲ್ಲ. ಹೆಸರೂ ಇಲ್ಲ, ಸಂಬಂಧವೂ ಇಲ್ಲ, ಹುಡುಗಿ ಅಕ್ಕನನ್ನು "ಇಲ್ಲಿ ಕೇಳಿ", "ನೀವು ಬನ್ನಿ" ಎಂದೇ ಇಷ್ಟು ದಿನ ಮಾತಾಡಿಸುತ್ತಿದ್ದಳು. ಕಳೆದ ವಾರ ಅಕ್ಕ ಊಟಕ್ಕೆ ತಡಮಾಡಿದಾಗ ಅಡುಗೆಮನೆಯಿಂದ ಕೂಗಿದಳಂತೆ: "ಏಯ್, ಬಾ, ಆರಿಹೋಗುತ್ತೆ. ನಿಂಗೆ ಎಷ್ಟು ಸಲ ಕರೀಬೇಕು?"

ಅಕ್ಕ ಊಟ ಮುಗಿಸಿ ನೇರ ನನ್ನ ಅಂಗಡಿಗೆ ಬಂದಳು. "ಏಕವಚನ ಕಣೇ!" ಎಂದಳು, ಕಣ್ಣೆಲ್ಲ ನೀರು. "ಅತ್ತೆಗೆ ಹೇಳ್ಬೇಡ. ದೊಡ್ಡವರಿಗೆ ಬನ್ನಿ ಅನ್ಬೇಕು ಅಂತ ತಿದ್ದಿಬಿಡ್ತಾರೆ."